ಸೂರಿನ ಕೆಳಗೆ ಒಣಗಿದ ಅನ್ನ

ಕಿಯೋನೊ ಅಕ್ಕನಿಗೂ ನನಗೂ ಮೊದಲು ಆದದ್ದು ಪರಿಚಯವಲ್ಲ, ಜಗಳ. ಕೆಳಗಿನ ಪೇಟೆಯಿಂದ ಮದುವೆಯಾಗಿ ನಾನು ಈ ಗುಡ್ಡದೂರು ಮಿನೊಸಾವಕ್ಕೆ ಬಂದ ಮೊದಲ ಚಳಿಗಾಲ ಅದು. ಪಕ್ಕದ ಮನೆಯ ಸೂರಿನ ಕೆಳಗೆ ಉದ್ದಕ್ಕೆ ಬಿದಿರಿನ ಗಳು ಕಟ್ಟಿದ್ದರು. ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಗಂಡನ ಒಳಚಡ್ಡಿಗಳನ್ನು ಒಗೆದು ಅದರ ಮೇಲೆ ಹರವಿ ಬಂದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅಷ್ಟೂ ಹಿಮದಲ್ಲಿ ಬಿದ್ದಿವೆ, ಗಳುವಿನ ಪಕ್ಕದಲ್ಲಿ ಕುಳ್ಳಗಿನ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ.

“ಅನ್ನ ಒಣಗ್ಸೋ ಗಳುವಿನ ಮೇಲೆ ಚಡ್ಡಿ ಹಾಕ್ತಾರೇನೇ? ನಿಮ್ಮ ಪೇಟೇಲಿ ಚಡ್ಡೀನೇ ಊಟ ಮಾಡ್ತಾರಾ?”

“ಖಾಲಿ ಇತ್ತಲ್ಲ! ನಿನ್ನ ಹೆಸರು ಬರೆದಿದ್ಯಾ ಅದರ ಮೇಲೆ?” ಎಂದೆ ನಾನು. ಆಗ ನನ್ನ ನಾಲಿಗೆ ಬಹಳ ಚೂಪು. ಈಗಲೂ ಅಷ್ಟೇನೂ ಮೊಂಡಾಗಿಲ್ಲ.

ಮಾರನೆಯ ದಿನ ಅವಳೇ ಒಂದು ತಟ್ಟೆ ಹಿಡಿದುಕೊಂಡು ಬಂದಳು. ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಸೋಯಾ ರಸ ಸವರಿದ ಬಿಲ್ಲೆಗಳು. “ತಿನ್ನು, ಆಮೇಲೆ ಬೈಯುವಂತೆ” ಎಂದಳು. ತಿಂದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಸೊಪ್ಪಿನ ಕಂಪು. ಬೈಯಲು ಬಾಯಿಗೆ ಬಿಡುವಾಗಲಿಲ್ಲ. ಅಂದಿನಿಂದ ಅವಳು ನನಗೆ ಅಕ್ಕ, ನಾನು ಅವಳಿಗೆ ಬರೀ ಫುಸಾ.

ಆ ಬಿಲ್ಲೆಗೆ ನಮ್ಮಲ್ಲಿ ಶಿಮಿ ಎನ್ನುತ್ತೇವೆ. ಅಂಟಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಗುಡ್ಡದಲ್ಲಿ ಸಿಗುವ ಗೊಂಬೊಪ್ಪ ಎಂಬ ಸೊಪ್ಪು ಸೇರಿಸಿ ಒರಳಲ್ಲಿ ಕುಟ್ಟಬೇಕು. ಆಮೇಲೆ ಬಿಲ್ಲೆ ಕೊಯ್ದು, ಹುಲ್ಲಿನ ಹಗ್ಗದಲ್ಲಿ ಸಾಲಾಗಿ ಹೆಣೆದು, ನೀರಲ್ಲಿ ಅದ್ದಿ, ಚಳಿಯ ಬಾಯಿಗೆ ಕೊಡಬೇಕು. ರಾತ್ರಿ ಕಲ್ಲಾಗುತ್ತದೆ, ಹಗಲು ಕರಗುತ್ತದೆ. ಹೀಗೆ ಸೂರಿನ ಕೆಳಗೆ ಹಿಮಗಾಳಿ ಕುಡಿಯುತ್ತ ವಸಂತದವರೆಗೆ ನೇತಾಡಿದರೆ ಮರದ ಚಕ್ಕೆಯಷ್ಟು ಹಗುರವಾಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಉಪ್ಪು ಬೇಡ, ಪೆಟ್ಟಿಗೆ ಬೇಡ, ಕರೆಂಟು ಬೇಡ. ಗಾಳಿ ಒಂದಿದ್ದರೆ ಸಾಕು ಎಂದು ಕಿಯೋನೊ ಅಕ್ಕ ಹೇಳುತ್ತಿದ್ದಳು.

ಅವಳ ಅತ್ತೆ ಬಲು ಗಟ್ಟಿ ಹೆಂಗಸು. ಪ್ರತಿ ವರ್ಷ ಒಂದು ಪಾಲು ಶಿಮಿಯನ್ನು ಅಟ್ಟಕ್ಕೆ ಏರಿಸಿ, “ಇದು ಕೆಟ್ಟ ವರ್ಷಕ್ಕೆ, ಕೈ ಹಾಕೀಯ ಜೋಕೆ” ಎಂದು ಸೊಸೆಯನ್ನು ಗದರುತ್ತಿದ್ದಳಂತೆ. ನಮ್ಮ ನೆಲದ ಹಣೆಬರಹವೇ ಹಾಗೆ. ಕೆಲವು ಬೇಸಿಗೆಯಲ್ಲಿ ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ ಮಂಜು ಹೊತ್ತು ಬರುತ್ತದೆ, ಸೂರ್ಯ ಮುಖವನ್ನೇ ತೋರಿಸುವುದಿಲ್ಲ. ಭತ್ತದ ತೆನೆ ತಲೆ ಬಾಗಿಸದೆ ಸೆಟೆದು ನಿಲ್ಲುತ್ತದೆ, ಒಳಗೆ ಹಾಲೇ ತುಂಬಿರುವುದಿಲ್ಲ. ನಾನು ಬಂದ ಮೇಲೂ ಅಂಥದೊಂದು ವರ್ಷ ಬಂತು. ಅತ್ತೆ ಆಗ ಹಾಸಿಗೆ ಹಿಡಿದಿದ್ದಳು. ಮಲಗಿದಲ್ಲಿಂದಲೇ ಅಟ್ಟದ ಕಡೆ ಬೆರಳು ತೋರಿಸಿದಳು. ಕಿಯೋನೊ ಅಕ್ಕ ಏಣಿ ಹತ್ತಿ, ಅಷ್ಟನ್ನೂ ಇಳಿಸಿ, ಮನೆಮನೆಗೆ ಹಂಚಿ ಬಂದಳು.

ಹಂಚುವಾಗ ಅವಳಿಗೆ ಒಂದು ಸಂಗತಿ ಗೊತ್ತಾಯಿತು. ಊರಿನ ಸೊಸೆಯಂದಿರಲ್ಲಿ ಅರ್ಧಕ್ಕರ್ಧ ಜನಕ್ಕೆ ಶಿಮಿ ನೆನೆಸುವುದೇ ತಿಳಿಯದು. ಒಬ್ಬಳಂತೂ ಹಾಗೆಯೇ ಕಚ್ಚಿ ಹಲ್ಲು ಮುರಿದುಕೊಂಡಳು. ಎಲ್ಲರ ಮನೆಗೂ ಪೇಟೆಯ ಪೊಟ್ಟಣ ಬರತೊಡಗಿತ್ತು. “ಹಿಂಗೇ ಆದ್ರೆ ಇನ್ನೊಂದು ಕೆಟ್ಟ ವರ್ಷಕ್ಕೆ ನಾವು ಪೊಟ್ಟಣದ ಕಾಗದ ತಿನ್ನಬೇಕಾಗುತ್ತೆ ಫುಸಾ” ಎಂದಳು. ಮಕ್ಕಳಿಲ್ಲದೆ ಮುಚ್ಚಿಹೋಗಿದ್ದ ಶಾಲೆಯ ಅಡುಗೆಮನೆಯ ಬೀಗ ತೆಗೆಸಿ, ತಿಂಗಳಿಗೊಮ್ಮೆ ಎಲ್ಲರೂ ಸೇರಿ ಬೇಯಿಸಿ ಉಣ್ಣುವುದೆಂದು ಗೊತ್ತುಮಾಡಿದಳು. ನಾವು ಅದನ್ನು ಒಲೆಕೂಟ ಎಂದು ಕರೆದೆವು. ಕೂಟಕ್ಕೆ ಇದ್ದದ್ದು ಒಂದೇ ಕಟ್ಟಳೆ: ತಂದ ಪದಾರ್ಥವನ್ನು ಒಲೆಯ ಮೇಲೆ ಇಡುವ ಮೊದಲು ಅದು ಯಾರ ನೆಲದ್ದು ಎಂದು ಬಾಯಿಬಿಟ್ಟು ಹೇಳಬೇಕು.

ಮೊದಮೊದಲು ಜನ ನಕ್ಕರು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಆ ಮಾತಿನಲ್ಲಿ ಏನೋ ಇತ್ತು. “ಈ ಮೂಲಂಗಿ ತೀರಿಹೋದ ನನ್ನ ತಮ್ಮನ ಹೊಲದ್ದು” ಎಂದು ಒಬ್ಬ ಹೇಳಿದಾಗ ಯಾರೂ ಆ ಮೂಲಂಗಿಯನ್ನು ತಟ್ಟೆಯಲ್ಲಿ ಬಿಡುತ್ತಿರಲಿಲ್ಲ. ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಬಟ್ಟಲಿಗೆ ಕೈ ಹಾಕಿದ್ದು ಅಲ್ಲಿಯೇ. ಬೀಳುಬಿಟ್ಟಿದ್ದ ಹೊಲಗಳಲ್ಲಿ ಮತ್ತೆ ಸೋಯಾ ಬಂತು, ಹುಚ್ಚೆಳ್ಳಿನಂಥ ನಮ್ಮ ಜೂನೆನ್ ಕಾಳು ಬಂತು. ದನ ಸಾಕುತ್ತಿದ್ದ ಗೆನ್‌ಪಾಚಿ ಶಿಮಿ ಕಟ್ಟುವ ಹಗ್ಗ ಹೊಸೆಯುವುದನ್ನು ತಾನೇ ವಹಿಸಿಕೊಂಡ. ಅವನಿಗೆ ಹಗ್ಗಕ್ಕಿಂತ ಉದ್ದದ ನಾಲಿಗೆ. ಕ್ಯಾಮೆರಾ ಹಿಡಿದು ಬಂದ ನಗರದವರು ದೊಡ್ಡ ದೊಡ್ಡ ಮಾತಿನಲ್ಲಿ ನಮ್ಮನ್ನು ಹೊಗಳಿದರೆ ಕಿಯೋನೊ ಅಕ್ಕನಿಗೆ ಮುಜುಗರ. “ಹಸಿವಿಗೆ ಹೆದರಿ ಮಾಡಿದ್ದಪ್ಪ, ಅದರಲ್ಲೇನಿದೆ” ಎಂದು ಒಳಗೆ ಹೋಗಿಬಿಡುತ್ತಿದ್ದಳು.

ಹಾಗೆ ಬಂದವರಲ್ಲಿ ವಾಪಸ್ಸು ಹೋಗದವಳೆಂದರೆ ಚಿಹಾಯ ಒಬ್ಬಳೇ. ಟೋಕಿಯೊ ಕಡೆಯ ಹುಡುಗಿ, ಗಂಡ ಮರಗೆಲಸದವನು. ಇಬ್ಬರೂ ಪಾಳುಬಿದ್ದ ಮನೆಯೊಂದನ್ನು ಹಿಡಿದು ಊರಲ್ಲೇ ನಿಂತರು. ಅವಳು ಕೂಟಕ್ಕೆ ಬಂದ ಮೊದಲ ದಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಸಿ ತರಕಾರಿ ಹೋಳು ತಂದಿದ್ದಳು.

“ಯಾರ ನೆಲದ್ದಮ್ಮ?” ಎಂದಳು ಕಿಯೋನೊ ಅಕ್ಕ.

ಹುಡುಗಿ ಕೆಂಪಗಾದಳು. “ಅಂ... ಅಂಗಡಿದು.”

“ಆ ಅಂಗಡಿಯಪ್ಪನ ಹೊಲ ಎಲ್ಲಿ ಬರುತ್ತೆ?” ಎಂದು ಗೆನ್‌ಪಾಚಿ ಗಂಭೀರವಾಗಿ ಕೇಳಿದ. “ನಮ್ಮ ಹಸುಗಳ ಸಗಣಿ ಒಂದು ಗಾಡಿ ಕಳಿಸಿಕೊಡ್ತೀನಿ ಪಾಪ, ಸೊಪ್ಪು ಬಾಡಿಹೋಗಿದೆ.”

ಎಲ್ಲರೂ ಗೊಳ್ಳೆಂದರು. ಚಿಹಾಯ ಅಳುತ್ತಾಳೆಂದುಕೊಂಡೆ, ಅವಳೂ ನಕ್ಕಳು. ಆ ನಗುವಿಗೇ ಕಿಯೋನೊ ಅಕ್ಕ ಸೋತುಹೋದಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಎದೆನೋವಿನಲ್ಲಿ ಹೋಗಿ ಬಹಳ ಕಾಲವಾಗಿತ್ತು. ಚಿಹಾಯಳಿಗೆ ಸೊಪ್ಪು ಗುರುತಿಸುವುದು, ಅಕ್ಕಿಯ ಹದ ನೋಡುವುದು, ಒರಳಿನಲ್ಲಿ ಇನ್ನೊಬ್ಬರ ಒನಕೆಯ ಏಟುಗಳ ನಡುವೆ ಕೈ ತೂರಿಸಿ ಹಿಟ್ಟು ತಿರುವುವುದು, ಎಲ್ಲ ಕಲಿಸಿದಳು. ಹುಡುಗಿ ಅವಳನ್ನು ಅಮ್ಮ ಎಂದೇ ಕರೆಯತೊಡಗಿದಳು. ಯಾರೂ ಹೇಳಿಕೊಟ್ಟದ್ದಲ್ಲ.

ಆಮೇಲೆ ಮಿಯೊ ಹುಟ್ಟಿದಳು. ನಮ್ಮ ಕೇರಿಯಲ್ಲಿ ತೊಟ್ಟಿಲು ಕಟ್ಟಿ ಎಷ್ಟು ವರ್ಷವಾಗಿತ್ತೆಂದರೆ, ಮಗು ಅತ್ತರೆ ಜನ ಕೆಲಸ ಬಿಟ್ಟು ಕೇಳುತ್ತ ನಿಲ್ಲುತ್ತಿದ್ದರು. ಅನ್ನ ಮುಟ್ಟಿಸುವ ದಿನ ಮನೆಯ ಹಿರಿಯರು ಕೂಸಿನ ತುಟಿಗೆ ಮೊದಲ ತುತ್ತು ತಾಗಿಸಬೇಕು. ಚಿಹಾಯಳ ತಾಯಿತಂದೆ ಬಂದಿದ್ದರು. ಆದರೂ ಅವಳು ಚಾಪ್‌ಸ್ಟಿಕ್‌ಗಳನ್ನು ಕಿಯೋನೊ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಮಗುವಿನ ಮುಖ ನೋಡುತ್ತಲೇ ಕೈ ಚಾಚಿದಳು. ಅಗುಳು ಮಗುವಿನ ಮೂಗಿಗೆ ಅಂಟಿತು.

“ಬಾಯಿ ಕೆಳಗಡೆ ಇರುತ್ತೆ ಕಿಯೋನೊ” ಎಂದ ಗೆನ್‌ಪಾಚಿ.

ಅವತ್ತು ಮನೆಗೆ ಬರುವ ದಾರಿಯಲ್ಲಿ ಅವಳು ನನ್ನ ತೋಳು ಹಿಡಿದುಕೊಂಡಳು. “ಈ ಕೂಸು ನಮ್ಮೂರ ಅನ್ನ ತಿಂದು ದೊಡ್ಡದಾಗೋದನ್ನ ನೋಡಬೇಕು ಫುಸಾ. ನಂಗೆ ಅಷ್ಟೇ ಸಾಕು, ಇನ್ನೇನೂ ಬೇಡ” ಎಂದಳು. ಅಷ್ಟು ಸಣ್ಣ ಆಸೆ ಅದು.

ಮಿಯೊಗೆ ಹಲ್ಲು ಬಂದು, ಮಾತು ಬಂದು, ಕಿಯೊಜ್ಜಿ ಕಿಯೊಜ್ಜಿ ಎಂದು ಅವಳ ಅಡುಗೆ ಬಟ್ಟೆ ಹಿಡಿದು ತಿರುಗುವಷ್ಟಾದಾಗ ಆ ಮಾರ್ಚ್ ಬಂತು. ಭೂಮಿ ಅಲ್ಲಾಡಿತು. ನಮ್ಮದು ಬಂಡೆಯ ಗುಡ್ಡ, ನಾಲ್ಕು ಹೆಂಚು ಬಿದ್ದವು ಅಷ್ಟೇ. ಕೆಳಗೆ ಕರಾವಳಿಯನ್ನು ಸಮುದ್ರ ನುಂಗಿತು. ಮಾರನೆಯ ದಿನದಿಂದ ಗುಡ್ಡದ ರಸ್ತೆ ತುಂಬ ಕಾರುಗಳು. ಒದ್ದೆ ಬಟ್ಟೆಯ ಜನ, ಚಪ್ಪಲಿ ಇಲ್ಲದ ಜನ, ಕೂಗಿದರೂ ಕಣ್ಣೆತ್ತದ ಜನ. ಕರಾವಳಿಯ ಅಣುಸ್ಥಾವರ ಸಿಡಿದಿದೆಯೆಂದು ರೇಡಿಯೊ ಹೇಳುತ್ತಿತ್ತು. ನಮಗೂ ಅದಕ್ಕೂ ನಡುವೆ ಬೆಟ್ಟದ ಸಾಲೇ ಇದೆಯಲ್ಲ ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡೆವು.

ಬಂದವರನ್ನೆಲ್ಲ ಹಳೆಯ ಶಾಲೆಯಲ್ಲಿ ಇಳಿಸಿದರು. ಕರೆಂಟಿಲ್ಲ, ಅಂಗಡಿಯ ಕಪಾಟು ಖಾಲಿ. ಕಿಯೋನೊ ಅಕ್ಕ ಒಲೆ ಹೊತ್ತಿಸಿದಳು. ಅವಳು ಆ ದಿನಗಳಲ್ಲಿ ಇದ್ದಷ್ಟು ಗಟ್ಟಿಯಾಗಿ ನಾನು ಅವಳನ್ನು ಬೇರೆ ಯಾವಾಗಲೂ ಕಂಡಿಲ್ಲ. ಇಡೀ ಜೀವಮಾನ ಈ ಒಂದು ವಾರಕ್ಕೆಂದೇ ತಯಾರಾಗಿದ್ದವಳ ಹಾಗೆ ಓಡಾಡಿದಳು. ನೆಲಮಾಳಿಗೆಯ ಮೂಲಂಗಿ ಬಂತು, ಸೋಯಾ ಹುದುಗಿಸಿದ ಮಿಸೊ ಪೀಪಾಯಿ ಬಂತು, ಗೆನ್‌ಪಾಚಿಯ ಹಸುಗಳ ಹಾಲು ಬಂತು. ಆ ವರ್ಷದ ಶಿಮಿ ಇನ್ನೂ ಸೂರುಗಳಲ್ಲೇ ಇತ್ತು, ಪೂರ್ತಿ ಒಣಗಿರಲಿಲ್ಲ.

“ಕೊನೆಗೂ ಬಂತಲ್ಲ ನಿನ್ನ ಕೆಟ್ಟ ವರ್ಷ” ಎಂದ ಗೆನ್‌ಪಾಚಿ.

“ಬಾಯಿ ಮುಚ್ಕೊಂಡು ಇಳಿಸು. ಅಟ್ಟದ್ದು ಮುಗೀತು, ಈಗ ಸೂರಿಂದು.”

ಅವತ್ತು ಬೆಳಗಿನಿಂದ ಮಳೆ ಜಿನುಗಿ, ಮಧ್ಯಾಹ್ನದ ಮೇಲೆ ಹಿಮವಾಗಿತ್ತು. ಗಳುಗಳ ಮೇಲೆ ಬೆಳ್ಳಗೆ ಕೂತಿತ್ತು. ನಾವು ಮನೆಮನೆಯ ಸೂರಿನಿಂದ ಮಾಲೆಗಳನ್ನು ಬಿಚ್ಚಿ, ಹಿಮ ಕೊಡವಿ, ಝರಿಯ ನೀರಿನಲ್ಲಿ ನೆನೆಸಿ, ಬೆಣ್ಣೆಯಲ್ಲಿ ಹುರಿದೆವು. ಕರಾವಳಿಯ ಮುದುಕನೊಬ್ಬ ಒಂದು ತುಂಡು ಬಾಯಿಗಿಟ್ಟು, ಬಂದ ಮೇಲೆ ಮೊದಲ ಸಲ ಅತ್ತ. ಮಿಯೊ ಪುಟ್ಟ ಬುಟ್ಟಿ ಹಿಡಿದು ಅಜ್ಜಿಯ ಹಿಂದೆಯೇ ತಿರುಗಿದಳು. ಒಂದು ತುಂಡು ಯಾರಿಗೋ ಕೊಡುವುದು, ಓಡಿಬಂದು ಬಾಯಿ ತೆರೆದು ನಿಲ್ಲುವುದು. “ಹಂಚಿದೋರಿಗೆ ಕೂಲಿ ಬೇಡವೇ?” ಎಂದು ಕಿಯೋನೊ ಅಕ್ಕ ಅವಳ ಬಾಯಿಗೊಂದು ಇಡುವುದು. ಚಿಹಾಯ ದೂರದಿಂದ ನೋಡಿ ನಗುತ್ತಿದ್ದಳು.

ಗಾಳಿ ಅವತ್ತು ನಮ್ಮ ಕಡೆಗೆ ತಿರುಗಿತ್ತು. ಸ್ಥಾವರದ ವಿಷ ಬೆಟ್ಟ ದಾಟಿ ಬಂದು, ಆ ಮಳೆಯಲ್ಲಿ, ಆ ಹಿಮದಲ್ಲಿ ನಮ್ಮ ಗದ್ದೆಗಳ ಮೇಲೆ, ಝರಿಗಳ ಮೇಲೆ, ಸೂರಿನ ಮಾಲೆಗಳ ಮೇಲೆ ಇಳಿದಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕರಾವಳಿಯ ಜನ ಇನ್ನೂ ದೂರಕ್ಕೆ ಹೊರಟುಹೋದರು. ನಾವು ಅಲ್ಲೇ ಇದ್ದೆವು, ಅದನ್ನೇ ತಿಂದೆವು. ಬಿಳಿ ಬಟ್ಟೆಯವರು ಅಳೆಯುವ ಯಂತ್ರ ಹಿಡಿದು ಬಂದಾಗ ಹಿಮವೆಲ್ಲ ಕರಗಿತ್ತು. ಅವರಲ್ಲೊಬ್ಬ ಯಂತ್ರವನ್ನು ಕಿಯೋನೊ ಅಕ್ಕನ ಸೂರಿನ ಕೆಳಗೆ ಎತ್ತಿ ಹಿಡಿದ. ಅದು ಕಿರುಗುಟ್ಟತೊಡಗಿತು.

“ಏನಂತಪ್ಪ ಅದು?” ಎಂದಳು.

ಅವನು ಅವಳ ಮುಖ ನೋಡಲಿಲ್ಲ. “ಇದರ ಕೆಳಗೆ ಹೆಚ್ಚು ಹೊತ್ತು ನಿಲ್ಲಬೇಡಿ ತಾಯಿ” ಎಂದ.

ಊರು ಬಿಡಬೇಕೆಂದು ಆಜ್ಞೆಯಾಯಿತು. ಮೊದಲು ಹೊರಟವಳು ಚಿಹಾಯ. ಅವಳ ಗಂಡ ಮಗುವನ್ನು ಕಾರಿನಲ್ಲಿ ಕೂರಿಸಿ, ಗಾಜು ಏರಿಸಿ, ಸ್ಟೀರಿಂಗ್ ಹಿಡಿದು ಕೂತಿದ್ದ. ನಾನು ಅಕ್ಕನ ಜಗುಲಿಯಲ್ಲಿದ್ದೆ. ಚಿಹಾಯ ಮುಖಗವುಸು ಹಾಕಿಕೊಂಡು ಬಂದು ಮೆಟ್ಟಿಲ ಕೆಳಗೇ ನಿಂತಳು. ಅವಳು ಹಾಗೆ ಕೆಳಗೆ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ, ಸೀದಾ ಅಡುಗೆಮನೆಗೇ ನುಗ್ಗುವ ಹುಡುಗಿ.

“ಅಮ್ಮಾ, ತಪ್ಪು ತಿಳ್ಕೋಬೇಡಿ. ಡಾಕ್ಟರು ಕೇಳ್ತಿದಾರೆ. ಅವತ್ತು ಶಾಲೇಲಿ... ಮಿಯೊ ಎಷ್ಟು ತುಂಡು ತಿಂದ್ಲು?”

ಕೂಟದಲ್ಲಿ ಯಾರ ತಟ್ಟೆಗೆ ಎಷ್ಟು ಬಿತ್ತು, ಯಾರಿಗೆ ಇನ್ನೂ ಬೇಕು ಎಂದು ಬೆನ್ನು ಹಾಕಿಕೊಂಡೇ ಹೇಳುತ್ತಿದ್ದವಳು ಕಿಯೋನೊ ಅಕ್ಕ.

“ಎರಡು” ಎಂದಳು. ಆಮೇಲೆ, “ಮೂರೋ ಏನೋ.” ಆಮೇಲೆ ಅವಳಿಗೆ ಅಳು ಉಕ್ಕಿಬಂತು. “ಕೇಳಿ ಕೇಳಿ ತಿಂದ್ಲು ಚಿಹಾಯ. ಕೇಳಿದಷ್ಟೂ ಕೊಟ್ಟೆ ಕಣೇ.”

ಚಿಹಾಯ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಸೊಂಟ ಬಗ್ಗಿಸಿ ನಮಸ್ಕರಿಸಿ ಹೋದಳು. ಕಾರಿನ ಗಾಜಿನ ಹಿಂದೆ ಮಿಯೊ ಕೈ ಬೀಸುತ್ತಿದ್ದಳು.

ಗೆನ್‌ಪಾಚಿಯ ಹಸುಗಳನ್ನು ಲಾರಿಗೆ ಏರಿಸಿಕೊಂಡು ಹೋದರು. ಖಾಲಿ ಕೊಟ್ಟಿಗೆಯ ಮುಂದೆ ನಿಂತು ಅವನು, “ಉಪ್ಪು ತಿಂದೋನು ನೀರು ಕುಡೀಬೇಕು ಅಂತಾರೆ. ಆ ಸ್ಥಾವರದ ಕರೆಂಟಲ್ಲಿ ದೀಪ ಹಚ್ಕೊಂಡೋರು ಟೋಕಿಯೊದೋರು. ನೀರು ಕುಡೀತಿರೋರು ನಾವು” ಎಂದ. ಅದೊಂದೇ ಸಲ ಅವನ ಮಾತಿಗೆ ಯಾರಿಗೂ ನಗು ಬರಲಿಲ್ಲ.

ಫುಕುಶಿಮಾ ಪಟ್ಟಣದ ಅಂಚಿನಲ್ಲಿ ಕಟ್ಟಿದ ತಾತ್ಕಾಲಿಕ ಮನೆಗಳ ಸಾಲಿನಲ್ಲಿ ನಮಗೆ ಅಕ್ಕಪಕ್ಕದ ಕೋಣೆ ಸಿಕ್ಕಿತು. ಗೋಡೆ ತೆಳು, ಅವಳು ಮಗ್ಗುಲು ಬದಲಿಸಿದರೆ ನನಗೆ ಕೇಳಿಸುತ್ತಿತ್ತು. ಮಾರುಕಟ್ಟೆಯಲ್ಲಿ ತಾಯಂದಿರು ಸೊಪ್ಪಿನ ಕಟ್ಟು ಎತ್ತಿಕೊಂಡು, “ಇದು ಯಾವ ಕಡೇದು?” ಎಂದು ಕೇಳುವರು. ನಮ್ಮ ಸೀಮೆಯದೆಂದರೆ ಕೆಳಗಿಡುವರು. ಕಿಯೋನೊ ಅಕ್ಕ ಅದನ್ನು ನೋಡಿ ಬಂದ ದಿನ ಊಟ ಮಾಡಲಿಲ್ಲ. “ನಾನು ಒಲೆ ಮುಂದೆ ಕೇಳ್ತಿದ್ದ ಮಾತೇ ಅದು ಫುಸಾ” ಎಂದಳು. “ನಾನು ಹೆಮ್ಮೆಗೆ ಕೇಳ್ತಿದ್ದೆ. ಅವರು ಹೆದರಿ ಕೇಳ್ತಾರೆ. ಅವರದು ತಪ್ಪಲ್ಲ.”

ಆಗಾಗ, ಏನೂ ಸಂಬಂಧವಿಲ್ಲದ ಮಾತಿನ ನಡುವೆ, ಅವಳು ನನ್ನ ಕಡೆ ತಿರುಗುವಳು. “ಎರಡಾ, ಮೂರಾ?”

“ಎರಡೇ ಅಕ್ಕ.”

“ನೀನೇನು ನೋಡಿದ್ಯಾ? ನೀನು ಒಲೆ ಮುಂದೆ ಇದ್ದೆ.”

ಹೌದು, ಒಲೆಯ ಮುಂದಿದ್ದೆ. ಅವಳನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು. ಸಿಟ್ಟೂ ಬರುತ್ತಿತ್ತು. ಹಸಿದವರಿಗೆ ಅನ್ನ ಹಾಕಿದವಳು ಕಳ್ಳಿಯ ಹಾಗೆ ತಲೆ ತಗ್ಗಿಸಿ ಕೂರಬೇಕು, ವಿಷ ಉಗುಳಿದವರು ಕೋಟು ಹಾಕಿಕೊಂಡು ಟಿವಿಯಲ್ಲಿ ತಲೆ ಬಾಗಿಸಿ ಮನೆಗೆ ಹೋಗಬೇಕು. ಇದು ಯಾವ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ.

ಒಂದು ದಿನ ಅವಳೇ ಬಂದು ಗೋಡೆ ತಟ್ಟಿದಳು. ಶಿಮಿ ಮಾಡಬೇಕು, ಮಿಯೊ ತಿನ್ನಬಹುದಾದಂಥ ಶಿಮಿ ಮಾಡಬೇಕು ಎಂದಳು. “ಅವಳ ಬಾಯಿಗೆ ನಾನು ಕೊನೇದಾಗಿ ಹಾಕಿದ್ದು ಅದಾಗಬಾರದು. ಒಂದು ಒಳ್ಳೇ ತುಂಡು ಹಾಕಿ ಸಾಯ್ತೀನಿ.”

ಮೊದಲ ಚಳಿಗಾಲ ಬೇರೆ ಸೀಮೆಯ ಅಕ್ಕಿ ತಂದು ಆ ಮನೆಗಳ ಸೂರಿಗೇ ಕಟ್ಟಿದೆವು. ಪಟ್ಟಣದ ಚಳಿ ಚಳಿಯೇ ಅಲ್ಲ. ಕಲ್ಲಾಗಲಿಲ್ಲ, ಒಣಗಲಿಲ್ಲ, ನೀಲಿ ಬೂಷ್ಟು ಹಿಡಿಯಿತು. “ಗಾಳೀಲಿ ತಿನ್ನೋದನ್ನ ತೂಗು ಹಾಕಿದಾರಲ್ಲ, ಇವರಿಗೆ ಬುದ್ಧಿ ಬಂದಿಲ್ವಾ?” ಎಂದು ಯಾರೋ ಆಚೆ ಸಾಲಿನಲ್ಲಿ ಗೊಣಗಿದ್ದು ನಮ್ಮಿಬ್ಬರಿಗೂ ಕೇಳಿಸಿತು. ಗೊಂಬೊಪ್ಪ ಸೊಪ್ಪಂತೂ ಕಾಡಿನ ಮಣ್ಣಿನಿಂದ ವಿಷವನ್ನೆಲ್ಲ ಹೀರಿಕೊಂಡಿರುತ್ತದೆ, ನಮ್ಮ ಗುಡ್ಡದ್ದು ಮುಟ್ಟುವ ಹಾಗಿರಲಿಲ್ಲ.

ಕೊನೆಗೆ ಪಡುವಣದ ಬೆಟ್ಟಗಳಾಚೆಯ ಹಿಮದೂರೊಂದರ ಹೆಂಗಸರು ನಮಗೆ ಹೊಲದ ಒಂದು ಅಂಚು ಕೊಟ್ಟರು, ತಮ್ಮ ಮನೆಯ ಸೂರೂ ಕೊಟ್ಟರು. ಅಲ್ಲಿ ಸೊಪ್ಪು ಬಿತ್ತಿದೆವು. ಅದು ಹಟಮಾರಿ ಗಿಡ, ಬಿತ್ತಿದ ಮಾತ್ರಕ್ಕೆ ಬರುವುದಿಲ್ಲ. ವರ್ಷಗಳು ಹೋದವು. ಗೆನ್‌ಪಾಚಿ ಬಸ್ಸಿನಲ್ಲಿ ಹುಲ್ಲಿನ ಹೊರೆ ಇಟ್ಟುಕೊಂಡು ಬಂದು, “ಮಾವನ ಮನೆಗೆ ಹೊರಟ ಎತ್ತಿನ ಹಾಗಿದೀನಿ” ಎನ್ನುತ್ತ ಹಗ್ಗ ಹೊಸೆದ. ಹಳೆಯ ಕೂಟದಲ್ಲಿ ನಡೆಯಬಲ್ಲವರು ಇನ್ನೊಬ್ಬರೋ ಇಬ್ಬರೋ ಬಂದರು. ಪರರ ಊರಿನ ಒರಳಲ್ಲಿ ಕುಟ್ಟಿ, ಪರರ ಚಳಿಯಲ್ಲಿ ಒಣಗಿಸಿದೆವು.

ವಿಷ ಅಳೆಯುವ ಕೇಂದ್ರದವರಿಗೆ ಒಂದು ಡಬ್ಬಿ ತುಂಬ ಪುಡಿ ಮಾಡಿ ಕೊಡಬೇಕು. ವರ್ಷವಿಡೀ ಕಾದು ಮಾಡಿದ ಬಿಲ್ಲೆಗಳನ್ನು ಅವಳೇ ಸುತ್ತಿಗೆಯಿಂದ ಕುಟ್ಟುವಳು. ಪ್ರತಿ ಏಟಿಗೂ ತುಟಿ ಕಚ್ಚುವಳು. ಏನೂ ಸಿಗಲಿಲ್ಲ, ಶುದ್ಧವಾಗಿದೆ ಎಂದರು. ಅವಳು ಇನ್ನೊಂದು ಡಬ್ಬಿ ಕೊಟ್ಟಳು. ಅದೂ ಶುದ್ಧ. ಮತ್ತೊಂದು ಕೊಟ್ಟಳು.

“ಸಾಕು ಬಿಡಕ್ಕ, ಹಿಂಗೇ ಕೊಡ್ತಾ ಹೋದ್ರೆ ತಿನ್ನೋಕೆ ಆ ಯಂತ್ರ ಒಂದೇ ಉಳಿಯುತ್ತೆ” ಎಂದೆ. ಅವಳು ನಕ್ಕಳು. ಎಷ್ಟೋ ಕಾಲದ ಮೇಲೆ ಕಂಡ ನಗು, ನನಗೆ ಧೈರ್ಯ ಬಂತು.

ಚಿಹಾಯ ಹೊಸ ವರ್ಷಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಮಿಯೊ ಚೆನ್ನಾಗಿದ್ದಾಳೆ, ಉದ್ದ ಬೆಳೆದಿದ್ದಾಳೆ, ಪರೀಕ್ಷೆಗಳಲ್ಲೆಲ್ಲ ಏನೂ ದೋಷ ಕಂಡಿಲ್ಲ ಎನ್ನುತ್ತಿದ್ದಳು. ಆ ವರ್ಷ ಕಿಯೋನೊ ಅಕ್ಕ ಫೋನಿನಲ್ಲಿ, “ಶಿಮೀಲಿ ಏನೂ ಇಲ್ಲವಂತೆ ಕಣಮ್ಮ. ಮೂರು ಸಲ ನೋಡಿಸಿದೀನಿ” ಎಂದಳು. “ಬರ್ತೀವಿ ಅಮ್ಮಾ. ಅವಳನ್ನೂ ಕರ್ಕೊಂಡು ಬರ್ತೀನಿ” ಎಂದಿತು ಆ ಕಡೆಯ ದನಿ.

ಅಷ್ಟರಲ್ಲಿ ಮಿನೊಸಾವಕ್ಕೆ ಹಿಂತಿರುಗಲು ಅಪ್ಪಣೆ ಸಿಕ್ಕಿತ್ತು. ಗದ್ದೆಗಳ ಮೇಲ್ಮಣ್ಣು ಕೆರೆದು ಕಪ್ಪು ಚೀಲಗಳಲ್ಲಿ ತುಂಬಿ ಸಾಲಾಗಿ ಪೇರಿಸಿದ್ದರು. ಹಿಂದಿರುಗಿದವರು ನಮ್ಮಂಥ ನಾಲ್ಕು ಮುದುಕಿಯರು, ಗೆನ್‌ಪಾಚಿಯಂಥ ಇಬ್ಬರು ಮುದುಕರು. ಕಿಯೋನೊ ಅಕ್ಕ ಮನೆ ತೊಳೆದೂ ತೊಳೆದೂ ಕೈ ಸುಲಿದುಕೊಂಡಿದ್ದಳು.

ಚೆರ್ರಿ ಮರ ಹೂ ಬಿಟ್ಟಾಗ ಅವರು ಬಂದರು. ಕಾರಿನಿಂದ ಇಳಿದ ಹುಡುಗಿಯನ್ನು ನೋಡಿ ನಾನು ಚಿಹಾಯಳೇ ಎಂದುಕೊಂಡೆ, ಅಷ್ಟೆತ್ತರ. ಕೆನ್ನೆ ಸೇಬಿನ ಹಾಗೆ ಕೆಂಪಗಿತ್ತು. ಕಿಯೋನೊ ಅಕ್ಕ ಜಗುಲಿಯಲ್ಲಿ ನಿಂತು ಅವಳನ್ನು ಕಣ್ಣಲ್ಲೇ ಮುಟ್ಟಿದಳು, ತಲೆ, ಕತ್ತು, ಕತ್ತಿನ ಮುಂಭಾಗ. ಆ ವಿಷ ಮಕ್ಕಳಿಗೆ ಮೊದಲು ತಗಲುವುದು ಕತ್ತಿನ ಗ್ರಂಥಿಗೆ ಎಂದು ಕೇಳಿದ್ದೆವು; ಅಲ್ಲಿ ಬಹಳ ಹೊತ್ತು ನೋಡಿದಳು. ಮಗುವಿಗೆ ಅದು ಗೊತ್ತಾಗಲಿಲ್ಲ, ಚಿಹಾಯಳಿಗೆ ಗೊತ್ತಾಯಿತು.

“ಏನೂ ಇಲ್ಲ ಅಮ್ಮಾ. ಚೆನ್ನಾಗಿದಾಳೆ” ಎಂದು ಮೆಲ್ಲಗೆ ಹೇಳಿ, ಮೆಟ್ಟಿಲು ಹತ್ತಿ ಸೀದಾ ಅಡುಗೆಮನೆಗೆ ಹೋದಳು. ನನಗೆ ಅಳು ತಡೆಯಲಾಗಲಿಲ್ಲ.

ಮಧ್ಯಾಹ್ನ ಎಲ್ಲರೂ ಸುತ್ತ ಕೂತೆವು. ಬೆಣ್ಣೆಯಲ್ಲಿ ಶಿಮಿ ಚಿಟಿಚಿಟಿ ಎಂದಿತು, ಕಂಪು ಮನೆ ತುಂಬಿತು. ಗೆನ್‌ಪಾಚಿ ಮಿಯೊಳನ್ನು, “ನಿನಗೆ ನೆನಪಿಲ್ಲ, ನಿನ್ನ ಮೊದಲ ತುತ್ತನ್ನು ಈ ಅಜ್ಜಿ ಮೂಗಿಗೆ ತಿನ್ನಿಸಿದ್ದಳು” ಎಂದು ನಗಿಸಿದ. ತಟ್ಟೆ ಬಂತು. ಹೊಂಬಣ್ಣದ ಬಿಲ್ಲೆಗಳು, ಮೇಲೆ ಜೂನೆನ್ ಅರೆದು ಸವರಿದ್ದಳು.

“ಇದೇನಾ ಅಮ್ಮ ಹೇಳ್ತಿರ್ತಾಳಲ್ಲ, ಅದು? ನಾನು ಚಿಕ್ಕೋಳಿದ್ದಾಗ ಬಾಯಿ ತೆರ್ಕೊಂಡು ಓಡಿಬರ್ತಿದ್ನಂತೆ” ಎಂದು ಹುಡುಗಿ ತನ್ನ ಬಟ್ಟಲು ಮುಂದೆ ಮಾಡಿದಳು. “ಕೊಡಿ ಕಿಯೊಜ್ಜಿ.”

ಅಕ್ಕ ಒಂದು ತುಂಡು ಎತ್ತಿದಳು. ಬಟ್ಟಲಿನವರೆಗೂ ತಂದಳು. ಅಲ್ಲಿ ಕೈ ನಿಂತಿತು.

“ಕೊಡಿ ಅಮ್ಮಾ” ಎಂದಳು ಚಿಹಾಯ. “ನಾನೇ ಹೇಳ್ತಿದೀನಲ್ಲ. ಕೊಡಿ.”

ಆ ಕೈ ಮುಂದೆ ಹೋಗಲಿಲ್ಲ. ನಾನು ಅವಳ ಮುಖ ನೋಡಿದೆ. ಬೇರೆ ನೆಲದ ಅಕ್ಕಿ, ಬೇರೆ ಬೆಟ್ಟದ ಸೊಪ್ಪು, ಮೂರು ಸಲ ಅಳೆದ ಯಂತ್ರ, ಎದುರಿಗೆ ಕೂತು ಕೊಡಿ ಎನ್ನುತ್ತಿರುವ ತಾಯಿ, ಇಷ್ಟೂ ಇತ್ತು. ಅವಳ ಕೈಗೆ ಇದ್ಯಾವುದೂ ಕೇಳಿಸಲಿಲ್ಲ. ಅವಳು ಆ ತುಂಡನ್ನು ಹಿಂದಕ್ಕೆ ತಂದು ತನ್ನ ಬಾಯಿಗೇ ಹಾಕಿಕೊಂಡಳು. ಜಗಿದು ನುಂಗಿದಳು. ಇನ್ನೊಂದು ಎತ್ತಿದಳು, ಅದನ್ನೂ ಹಾಕಿಕೊಂಡಳು. ಹಲ್ಲಿಲ್ಲದ ದವಡೆಯಲ್ಲಿ, ಉಸಿರು ಕಟ್ಟುತ್ತಿದ್ದರೂ, ಒಂದಾದ ಮೇಲೊಂದು. ಗೆನ್‌ಪಾಚಿ ಅವಳ ಕೈ ಹಿಡಿಯಹೋಗಿ ಸುಮ್ಮನಾದ. ಅವಳ ಕಣ್ಣಿಂದ ನೀರು ಇಳಿದು ಗಲ್ಲದ ಮೇಲಿನ ಜೂನೆನ್ ಜೊತೆ ಸೇರುತ್ತಿತ್ತು. ತಟ್ಟೆಯಲ್ಲಿ ಒಂದೂ ಉಳಿಯದಂತೆ ಅಷ್ಟನ್ನೂ ತಿಂದಳು.

“ಖಾಲಿ ಆಯ್ತು ಮಗಾ” ಎಂದಳು ಆಮೇಲೆ. “ನಿಂಗೆ ಏನೂ ಉಳೀಲಿಲ್ಲ.”

ಮಿಯೊ ಖಾಲಿ ಬಟ್ಟಲು ಹಿಡಿದುಕೊಂಡು ಅಜ್ಜಿಯನ್ನೂ ತಾಯಿಯನ್ನೂ ನೋಡಿದಳು. ಆಮೇಲೆ ಕಿಲಕಿಲ ನಕ್ಕುಬಿಟ್ಟಳು. “ಅಮ್ಮಾ, ಅಜ್ಜಿಗೆ ಎಷ್ಟು ಹಸಿವಾಗಿತ್ತು ನೋಡು!”

ಚಿಹಾಯ ಎದ್ದುಬಂದು ತನ್ನ ಅಂಗಿಯ ತೋಳಿನಿಂದ ಕಿಯೋನೊ ಅಕ್ಕನ ಬಾಯಿ ಒರೆಸಿದಳು.